ಅಡುಗೆಮನೆಯಲ್ಲಿ ಕಟ್ಟಿದ ಎಂಜಿನ್

ಫಿಟ್ಟರ್ ಮಾಮ ನನಗೆ ಸಂಬಂಧದಲ್ಲಿ ಏನೂ ಆಗಬೇಕಾಗಿಲ್ಲ. ನಮ್ಮಪ್ಪ ಊರಿಗಾಮಿನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಸೈಕಲ್ಲಿನಲ್ಲಿ ಹಾಲು ಹಾಕುತ್ತಿದ್ದ ಕಾಲದಿಂದ ಆ ಮನೆಯ ಬಳಕೆ ನಮಗಿದೆ, ಅಷ್ಟೆ. ಅಪ್ಪ ಹೋದಮೇಲೂ ಹಾಲು ನಿಲ್ಲಲಿಲ್ಲ, ಬಳಕೆಯೂ ನಿಲ್ಲಲಿಲ್ಲ. ಮಾಮ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಆಳುಗಳನ್ನು ಭೂಮಿಯೊಳಗೆ ಇಳಿಸಿ ಮೇಲೆತ್ತುವ ದೊಡ್ಡ ಎಂಜಿನ್ನು ಅವರ ಉಸ್ತುವಾರಿಯಲ್ಲಿತ್ತು. ಗಣಿ ಮುಚ್ಚಿ ಇಷ್ಟು ವರ್ಷವಾದರೂ, ಮನೆಯ ಫ್ಯಾನಿಗೆ ಎಣ್ಣೆ ಬಿಡಬೇಕಾದರೆ ಮಾಮ ಬೂಟು ಹಾಕಿಕೊಂಡೇ ಸ್ಟೂಲು ಹತ್ತುತ್ತಾರೆ.

ಅವರ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಕೆಂಪು ಕಾರಿತ್ತು. ಜಪಾನಿನದು, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು. ಮಾಮನ ತಮ್ಮ ಮಸ್ಕತ್ತಿನಲ್ಲಿ ದುಡಿಯುತ್ತಿದ್ದಾಗ ಹಡಗಿನಲ್ಲಿ ಹಾಕಿಸಿ ತಂದದ್ದು. ಒಂದೂವರೆ ವರ್ಷ ಓಡಿ ನಿಂತಿತು. ಬೆಂಗಳೂರಿನಿಂದ ಬಂದ ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಬಹಳ ಹೊತ್ತು ಬಗ್ಗಿ ನೋಡಿ, ‘ಇದರಲ್ಲಿ ಪಿಸ್ಟನ್ನೇ ಇಲ್ವಲ್ಲ’ ಎಂದು ಬಾನೆಟ್ ಮುಚ್ಚಿ, ಕಾಫಿ ಕುಡಿದು ಹೋದನಂತೆ. ತಮ್ಮ ವಾಪಸು ಮಸ್ಕತ್ತಿಗೆ ಹೋದರು, ಕಾರು ಅಣ್ಣನ ಪಾಲಿಗೆ ಉಳಿಯಿತು. ಅಂದಿನಿಂದ ಅದರ ಮೇಲೆ ಟಾರ್ಪಾಲು, ಒಳಗೆ ಪಾಟಿಯ ಕೋಳಿಗಳು.

ಪಾಟಿ ಅಂದರೆ ಮಾಮನ ಹೆಂಡತಿ. ಲೈನಿನ ಮಕ್ಕಳೆಲ್ಲ ಅಜ್ಜಿ ಅನ್ನುವ ಅರ್ಥದಲ್ಲಿ ಹಾಗೆ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎರಡು ವರ್ಷದ ಹಿಂದೆ ಪಾಟಿಗೆ ಮಗಳು ಒಂದು ವಾಷಿಂಗ್ ಮಿಷನ್ ಕಳಿಸಿದಳು. ಇಡಲು ಜಾಗವಿಲ್ಲದೆ ಅದು ರಟ್ಟಿನ ಪೆಟ್ಟಿಗೆಯೊಳಗೇ ನಡುಮನೆಯಲ್ಲಿ ಕೂತಿತು, ಅದರ ಮೇಲೆ ಟಿವಿ ಕೂತಿತು. ಕಳೆದ ದೀಪಾವಳಿ ಆದಮೇಲೆ ಪಾಟಿ ತೀರ್ಪು ಕೊಟ್ಟರು.

“ಪೊಂಗಲ್ ಒಳಗೆ ಆ ಕಾರು ತಾನಾಗೇ ಶೆಡ್ಡಿಂದ ಆಚೆ ಓಡಬೇಕು. ಇಲ್ಲಾಂದ್ರೆ ಗುಜರಿಯವನು ಎತ್ಕೊಂಡು ಹೋಗ್ತಾನೆ. ನನ್ ಮಿಷನ್ ಶೆಡ್ಡಲ್ಲಿ ಇರಬೇಕು.”

ಆ ಮಾತು ಬಂದಾಗ ನಾನು ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿದ್ದೆ. ಅಲ್ಲಿಂದ ಸುಮ್ಮನೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಾಮ ನನ್ನನ್ನು ನೋಡಿದರು. ಅವರ ಮುಖ ಸಣ್ಣದಾಗಿತ್ತು.

“ತಂಬಿ, ಪಿಸ್ಟನ್ ಇಲ್ಲದ ಎಂಜಿನ್ ನೋಡಿದೀಯಾ?”

ಬಂಗಾರಪೇಟೆ ರಸ್ತೆಯಲ್ಲಿ ನನ್ನದೊಂದು ರಿಪೇರಿ ಶೆಡ್ಡಿದೆ. ಮೇವು ಕತ್ತರಿಸುವ ಮಿಷನ್ನು, ಪಂಪ್‌ಸೆಟ್ಟು, ಹಾಲು ಕರೆಯುವ ಯಂತ್ರ ಇವೇ ನನ್ನ ಬದುಕು. ಹಾಲು ಕರೆಯುವ ಯಂತ್ರದ ಗಾಳಿ ಎಳೆಯುವ ಪಂಪಿನಲ್ಲೂ ಪಿಸ್ಟನ್ ಇರುವುದಿಲ್ಲ. ಒಂದು ಗುಂಡು ಗೂಡಿನೊಳಗೆ ಪಟ್ಟಿಗಳನ್ನು ಸಿಕ್ಕಿಸಿದ ಉರುಳೆ ತಿರುಗುತ್ತದೆ. ಅದನ್ನು ನಾನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಹಾಕಬಲ್ಲೆ.

“ಅದೇನ್ ಮಹಾ ಮಾಮಾ,” ಎಂದೆ. “ತಿರುಗೋ ಪಂಪು ಗೊತ್ತಿರೋನಿಗೆ ತಿರುಗೋ ಎಂಜಿನ್ನು ಗೊತ್ತಾಗಲ್ವಾ?”

ಆವತ್ತಿನಿಂದ ಪೊಂಗಲ್ ತನಕ ನಾನು ಈ ವಾಕ್ಯವನ್ನು ಹಲವರ ಬಾಯಲ್ಲಿ, ಹಲವು ರಾಗದಲ್ಲಿ ವಾಪಸು ಕೇಳಬೇಕಾಯಿತು.

ಎಂಜಿನ್ ಬಿಚ್ಚುವುದು ಸುಲಭವಾಗೇ ಆಯಿತು. ಮೊದಲು ಕೋಳಿಗಳನ್ನು ಬಿಡಿಸಿದೆವು, ಆಮೇಲೆ ಎಂಜಿನ್ನನ್ನು ಬಿಡಿಸಿದೆವು. ಕೋಳಿಗಳೇ ಜಾಸ್ತಿ ತೊಂದರೆ ಕೊಟ್ಟವು. ಎಂಜಿನ್ನು ನೋಡಲು ಎಷ್ಟು ಚಿಕ್ಕದೆಂದರೆ, ಮಾಮ ಅದರ ಸುತ್ತ ಒಂದು ಸುತ್ತು ಬಂದು, “ಮಿಕ್ಕಿದ್ದು ಎಲ್ಲಿ?” ಎಂದರು. ಒಳಗೆ ಎರಡು ಮುಕ್ಕೋನದ ಕಬ್ಬಿಣದ ಗಟ್ಟಿಗಳು, ಹೊಟ್ಟೆ ಉಬ್ಬಿದ ಸಮೋಸದ ಹಾಗೆ. ಒಂದೊಂದೂ ಕಡಲೆಕಾಯಿ ಆಕಾರದ ಗೂಡಿನೊಳಗೆ ಸುತ್ತುತ್ತದೆ. ಗೂಡುಗಳ ಮಧ್ಯೆ ಆಚೆ ಈಚೆ ದಪ್ಪ ಹಲಗೆಗಳು. ಎಲ್ಲವನ್ನೂ ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಇಟ್ಟು ಹದಿನೆಂಟು ಉದ್ದನೆಯ ಬೋಲ್ಟು ಬಿಗಿದರೆ ಅದೇ ಎಂಜಿನ್ನು. ಕೆಟ್ಟಿದ್ದೂ ದೊಡ್ಡದೇನಲ್ಲ, ರಬ್ಬರು ಸೀಲುಗಳೆಲ್ಲ ಒಣಗಿ ನೀರು ಒಳಗೆ ನುಗ್ಗಿತ್ತು. ಹೊಸ ಸೀಲು ರಿಂಗುಗಳ ಕಿಟ್ಟನ್ನು ಫೋನಿನಲ್ಲಿ ಹುಡುಕಿ ಹೊರದೇಶದಿಂದ ತರಿಸಿದೆ. ಬರಲು ಮೂರು ವಾರ ಹಿಡಿಯಿತು.

ಜೋಡಿಸುವುದು ಎಲ್ಲಿ ಎಂಬ ಪ್ರಶ್ನೆ ಬಂತು. ಈ ಎಂಜಿನ್ನಿಗೆ ಧೂಳು ಆಗಿಬರುವುದಿಲ್ಲ. ಊರಿಗಾಮಿನಲ್ಲಿ ಗಾಳಿ ಬೀಸಿದರೆ, ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದು ಮಣ್ಣು ಮನೆಯೊಳಗೆ, ಅನ್ನದೊಳಗೆ, ಕಣ್ಣೊಳಗೆ. ನನ್ನ ಶೆಡ್ಡಿನಲ್ಲಿ ಮೇವಿನ ಹೊಟ್ಟು. ಹಾಗಾಗಿ ಹಾಲಿನ ಟೆಂಪೋದಲ್ಲಿ ಅದನ್ನು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಗೆ ತಂದು, ಮನೆಯಲ್ಲಿ ಅತಿ ಶುದ್ಧವಾದ ಜಾಗವಾದ ಅಡುಗೆಮನೆಯಲ್ಲಿ ಇಳಿಸಿದೆ.

ಅಮ್ಮ ಹಾಲು ಕರೆದು ಒಳಗೆ ಬಂದವಳು ಅಲ್ಲೇ ನಿಂತಳು.

“ಲೇ, ಒಲೆ ಮಗ್ಗುಲಾಗೆ ಇದೇನ್ಲಾ ಕಬ್ಬಿಣದ ಅಂಡೆ?”

“ಹಂಡೆ ಅಲ್ಲಮ್ಮ, ಕಾರಿನ ಎಂಜಿನ್ನು.”

“ಕಾರೆಲ್ಲಿ?”

“ಕಾರು ಊರಿಗಾಮಲ್ಲಿ.”

ಅಮ್ಮ ಎಂಜಿನ್ನನ್ನು ಬೆರಳಲ್ಲಿ ತಟ್ಟಿ ನೋಡಿದಳು. “ಮುಂದ್ಲ ಸಲ ಅಸೂನ ರಿಪೇರಿ ಮಾಡ್ತೀನಿ ಅಂತ ಒಟ್ಟೆ ಮಾತ್ರ ತಕೊಂಡ್ ಬಂದೀಯ,” ಎಂದು ಹಾಲು ಕಾಯಿಸಲು ಹೋದಳು.

ನನ್ನ ಹೆಂಡತಿ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಬೆಂಗಳೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಬೆಳಕು ಹರಿಯುವ ಮುಂಚೆ ಎದ್ದು ಬಂಗಾರಪೇಟೆಯಲ್ಲಿ ರೈಲು ಹಿಡಿದರೆ ಮನೆ ಸೇರುವುದು ಸಂಜೆಗೆ. ಬಿಚ್ಚಿಟ್ಟ ಹೊಟ್ಟೆಗಳನ್ನು ದಿನಾ ನೋಡುವವಳಿಗೆ ಬಿಚ್ಚಿಟ್ಟ ಎಂಜಿನ್ನು ದೊಡ್ಡದಾಗಿ ಕಾಣಲಿಲ್ಲ. “ನನ್ ಡಬ್ಬಿ ಇಡೋ ಜಾಗ ಬಿಟ್ಟು ಏನಾದ್ರೂ ಮಾಡ್ಕೊಳ್ಳಿ,” ಎಂದಳು.

ಡಬ್ಬಿ ಎಂದರೆ ಅವಳ ಮಧ್ಯಾಹ್ನದ ಊಟದ ಸ್ಟೀಲು ಡಬ್ಬಿ. ಸಾರು ಚೆಲ್ಲದ ಹಾಗೆ ಮುಚ್ಚಳದಲ್ಲಿ ಒಂದು ರಬ್ಬರ್ ರಿಂಗು ಇರುತ್ತದೆ. ಡಬ್ಬಿಯ ಜೊತೆ ಬಂದಿದ್ದ ಬಿಳಿ ರಿಂಗು ಎಂದೋ ಕಳೆದು, ಮಾರ್ಕೆಟ್ಟಿನ ಕುಕ್ಕರ್ ರಿಪೇರಿಯವನ ಹತ್ತಿರ ಅದೇ ಅಳತೆಯ ಕಪ್ಪು ರಿಂಗು ಹಾಕಿಸಿಕೊಂಡಿದ್ದಳು.

ಕಿಟ್ಟು ಬಂದಮೇಲೆ ನಾಲ್ಕು ದಿನ ನಾನು ಶೆಡ್ಡಿಗೆ ಬೀಗ ಹಾಕಿ ಜೋಡಣೆಗೆ ಕೂತೆ. ಫೋನಿನಲ್ಲಿ ಒಬ್ಬ ಜಪಾನಿಯವನ ವೀಡಿಯೋ. ಅವನ ಮಾತು ಒಂದಕ್ಷರ ತಿಳಿಯದಿದ್ದರೂ ಅವನು ಬೆರಳು ತೋರಿಸಿದ ಕಡೆಯೆಲ್ಲ ತೋರಿಸುತ್ತ, ತಲೆದೂಗಿದಾಗಲೆಲ್ಲ ತಲೆದೂಗುತ್ತ ಮಾಡಿದೆ. ಸಣ್ಣ ಸಣ್ಣ ಸೀಲು, ಕೂದಲಿನಂಥ ಸ್ಪ್ರಿಂಗು, ಎಲ್ಲಕ್ಕೂ ವ್ಯಾಸಲೀನ್ ಸವರಿ ಅಂಟಿಸಬೇಕು, ಇಲ್ಲದಿದ್ದರೆ ಬಿದ್ದು ಹೋಗುತ್ತವೆ. ಎಣ್ಣೆ ಒಳಗೆ ನುಗ್ಗದಂತೆ ತಡೆಯುವ ರಬ್ಬರ್ ರಿಂಗುಗಳು ಒಟ್ಟು ಎಂಟು, ನಾಲ್ಕು ದೊಡ್ಡವು, ನಾಲ್ಕು ಚಿಕ್ಕವು. ಅವುಗಳಿಗೆ ಹಿಂದಿನ ದಿನವೇ ವ್ಯಾಸಲೀನ್ ಸವರಿ, ಒಂದು ಊಟದ ತಟ್ಟೆಯಲ್ಲಿ ಹರಡಿ, ಧೂಳು ಬೀಳದಂತೆ ಇನ್ನೊಂದು ತಟ್ಟೆ ಮುಚ್ಚಿ, ಪಾತ್ರೆ ಒಣಗಲು ಇಡುವ ಕಟ್ಟೆಯ ಮೇಲಿಟ್ಟೆ. ಮಾರನೆಯ ಬೆಳಿಗ್ಗೆ ತಟ್ಟೆ ತೆಗೆದು ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟೇ. ನಾಲ್ಕು ದೊಡ್ಡವು, ನಾಲ್ಕು ಚಿಕ್ಕವು. ನಾನು ಎಷ್ಟು ಜಾಗರೂಕ ಎಂದು ನನಗೇ ಹೆಮ್ಮೆಯಾಯಿತು. ಒಂದೊಂದನ್ನೇ ಅದರದರ ತೋಡಿನಲ್ಲಿ ಕೂರಿಸಿದೆ. ಒಂದು ದೊಡ್ಡ ರಿಂಗು ಸ್ವಲ್ಪ ಕಿರಿಕಿರಿ ಮಾಡಿತು. ಹೆಬ್ಬೆರಳಲ್ಲಿ ಒತ್ತಿ, ಗದರಿ, ಕೂರಿಸಿದೆ. ಸಂಜೆಯೊಳಗೆ ಹದಿನೆಂಟು ಬೋಲ್ಟೂ ಬಿಗಿದಾಯಿತು.

ಅವತ್ತು ಸಂಜೆ ಹೆಂಡತಿ ಮನೆಗೆ ಬಂದಾಗ ಮುಖ ಕೆಂಪಗಿತ್ತು.

“ನನ್ ಮರ್ಯಾದೆ ಹೋಯ್ತು,” ಎಂದು ಚೀಲ ಬಿಸಾಡಿದಳು.

ಆದದ್ದು ಇಷ್ಟು. ಅವರೆಕಾಯಿ ಕಾಲವಾದ್ದರಿಂದ ಅಮ್ಮ ಹಿತಕಿದ ಬೇಳೆ ಸಾರು ಮಾಡಿದ್ದಳು. ಡಬ್ಬಿಯಿದ್ದ ಚೀಲವನ್ನು ಹೆಂಡತಿ ರೈಲಿನಲ್ಲಿ ತಲೆಯ ಮೇಲಿನ ಹಲಗೆಯ ಮೇಲಿಟ್ಟಿದ್ದಾಳೆ. ಕೆಳಗೆ ಮಾಲೂರಿನಲ್ಲಿ ಹತ್ತಿದ ಬೋಳು ತಲೆಯ ಹಿರಿಯರೊಬ್ಬರು ನಿದ್ದೆ ಹೋಗಿದ್ದಾರೆ. ವೈಟ್‌ಫೀಲ್ಡ್ ಹತ್ತಿರ ಬರುವ ಹೊತ್ತಿಗೆ ಅವರ ತಲೆಯ ಮೇಲೆ ತೊಟ್ ತೊಟ್ ಎಂದು ಏನೋ ಬೀಳತೊಡಗಿದೆ. ಅವರು ಎದ್ದು ತಲೆ ಒರೆಸಿಕೊಂಡು, ಬೆರಳು ಮೂಸಿ, ಮೇಲೆ ನೋಡಿ, ಬಹಳ ಗಂಭೀರವಾಗಿ ಕೇಳಿದರಂತೆ: “ಹಿತಕಿದ ಬೇಳೆ ಅಲ್ವಾ ಸಿಸ್ಟರ್?”

ಬೋಗಿಯಲ್ಲಿದ್ದವರೆಲ್ಲ ನಕ್ಕರಂತೆ. ಯಾರೋ ಒಬ್ಬರು ಮುದ್ದೆ ಇದೆಯಾ ಎಂದು ಕೇಳಿದರಂತೆ.

“ಅತ್ತೆ, ನೀವು ಮುಚ್ಚಳ ಸರಿಯಾಗಿ ಹಾಕಿರಲಿಲ್ಲ,” ಎಂದಳು.

“ಮುಚ್ಚಳ ಆಕಿದ್ದು ನೀನೇ ಕಣಮ್ಮ, ಬೆಳಿಗ್ಗೆ ಕರೆಂಟ್ ಓಗಿತ್ತು, ನಾನು ಕೊಟ್ಟಿಗೆಯಾಗಿದ್ದೆ,” ಎಂದಳು ಅಮ್ಮ.

ನಾನು ನನ್ನ ಎಂಜಿನ್ನಿನ ಸಂತೋಷದಲ್ಲಿದ್ದೆ. ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, “ಒಂದು ರಿಂಗು ಕೂರಿಸೋದಕ್ಕೂ ಒಂದು ಕೈ ಬೇಕು,” ಎಂದು ಬಿಟ್ಟೆ. ದೇವರೇ, ಅದನ್ನು ನಾನೇ ಅಂದೆ.

ಎರಡು ದಿನ ಬಿಟ್ಟು ಎಂಜಿನ್ನನ್ನು ಊರಿಗಾಮಿಗೆ ಒಯ್ದು ಕಾರಿನಲ್ಲಿ ಕೂರಿಸಿದೆವು. ಟ್ರ್ಯಾಕ್ಟರಿನ ಬ್ಯಾಟರಿ, ಹೊಸ ಎಣ್ಣೆ, ಹೊಸ ನೀರು. ಮಾಮ ಬೂಟು ಹಾಕಿಕೊಂಡು, ಗಣಿಯ ಹಳೆಯ ಹೆಲ್ಮೆಟ್ಟನ್ನೂ ಇಟ್ಟುಕೊಂಡು ಬಂದರು. ಲೈನಿನ ಜನ ಬಾಗಿಲಲ್ಲಿ ನಿಂತರು. ನಾನು ಕೀಲಿ ತಿರುಗಿಸಿದೆ. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಬ್ರಪ್ ಬ್ರಪ್ ಬ್ರಪ್ ಎಂದು ಹತ್ತಿಕೊಂಡಿತು! ಮಾಮನ ಕಣ್ಣಲ್ಲಿ ನೀರು ಬಂತು. ಮೊದಲು ಸಂತೋಷಕ್ಕೆ ಬಂತು, ಆಮೇಲೆ ಹೊಗೆಗೆ.

ಅಂಥ ಹೊಗೆಯನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ನೀಲಿ ಬಿಳುಪಿನ ಹೊಗೆ ಶೆಡ್ಡು ತುಂಬಿ, ಬಾಗಿಲಿಂದ ಹೊರಬಿದ್ದು, ಲೈನಿನ ಉದ್ದಕ್ಕೂ ನಡೆದು ಹೋಯಿತು.

“ಮೊದಲು ಸ್ವಲ್ಪ ಹೊಗೆ ಬರುತ್ತೆ ಮಾಮಾ, ವ್ಯಾಸಲೀನ್ ಸುಡಬೇಕು,” ಎಂದು ಕೂಗಿದೆ. ವೀಡಿಯೋದಲ್ಲೂ ಹಾಗೇ ಬಂದಿತ್ತು.

“ಸರಿ ತಂಬಿ, ಸುಡಲಿ,” ಎಂದು ಹೊಗೆಯೊಳಗಿಂದ ಮಾಮನ ದನಿ ಬಂತು.

ಸುಡಲೆಂದು ಅರ್ಧ ಗಂಟೆ ಕಾದೆವು. ಆ ಹೊತ್ತಿಗೆ ಪುರಸಭೆಯವರು ಸೊಳ್ಳೆಗೆ ಹೊಗೆ ಬಿಡಲು ಬಂದಿದ್ದಾರೆಂದು ಪಕ್ಕದ ಲೈನಿಗೆ ಸುದ್ದಿ ಹೋಯಿತು. ಕೆಲವರು ಓಡಿ ಬಂದು ಕಿಟಕಿ ಮುಚ್ಚಿಕೊಂಡರು. ಕೆಲವರು ಸೊಳ್ಳೆ ಸಾಯಲೆಂದು ಬಾಗಿಲು, ಕಿಟಕಿ, ಬೀರು ಎಲ್ಲ ತೆರೆದಿಟ್ಟರು. ಮಕ್ಕಳು ಹೊಗೆಯೊಳಗೆ ಕೇಕೆ ಹಾಕುತ್ತ ಓಡಾಡಿದವು. ಒಬ್ಬ ಹೆಂಗಸು ಮಾಮನ ಹತ್ತಿರ ಬಂದು, ನಮ್ಮ ಮನೆ ಹಿಂದಿನ ಚರಂಡಿಗೂ ಸ್ವಲ್ಪ ಬಿಡಿ ಎಂದು ಕೇಳಿಕೊಂಡಳು. ಮೂವತ್ತು ವರ್ಷ ಗಣಿಯಲ್ಲಿ ದುಡಿದು ಒಂದು ಸಲವೂ ತಲೆ ತಗ್ಗಿಸದ ಮನುಷ್ಯ, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತರು.

ಪಾಟಿ ಇಡ್ಲಿ ಹಿಟ್ಟಿನ ಪಾತ್ರೆಯ ಮೇಲೆ ಟವೆಲ್ ಮುಚ್ಚಿಕೊಂಡು ಹೊರಗೆ ಬಂದು, “ಓಡುತ್ತಾ?” ಎಂದರು.

“ಓಡುತ್ತೆ ಪಾಟಿ. ಆದ್ರೆ ಕಾಣಲ್ಲ,” ಎಂದೆ.

ಮೂರು ದಿನ ಬೆಳಿಗ್ಗೆ ಹೊತ್ತು ಒಂದೊಂದು ಗಂಟೆ ಓಡಿಸಿ ನೋಡಿದೆವು. ಹೊಗೆ ದಿನದಿಂದ ದಿನಕ್ಕೆ ದಷ್ಟಪುಷ್ಟವಾಯಿತು. ಹಾಕಿದ ಎಣ್ಣೆಯೆಲ್ಲ ಹೊಗೆಯಾಗಿ ಹೋಗುತ್ತಿತ್ತು. ನಾಲ್ಕನೆಯ ದಿನ ಮಾಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಎದುರು ಕೂತು ವಿಚಾರಣೆ ನಡೆಸಿದರು. ಗಣಿಯಲ್ಲಿ ಏನಾದರೂ ಎಡವಟ್ಟಾದರೆ ಹೀಗೇ ನಡೆಸುತ್ತಿದ್ದರಂತೆ.

“ತಂಬಿ, ಒಳಗೆ ಏನಾದ್ರೂ ಬಿಟ್ಟೆಯಾ?”

“ಇಲ್ಲ ಮಾಮಾ.”

“ಏನಾದ್ರೂ ಮರೆತೆಯಾ?”

“ಎಂಟೂ ರಿಂಗು ಎಣಿಸಿ ಹಾಕಿದೀನಿ. ಎರಡೆರಡು ಸಲ ಎಣಿಸಿದೀನಿ.”

“ಹಾಗಾದ್ರೆ ಯಾರ ತಪ್ಪು?”

ನಾನು ಮೊದಲು ಎಣ್ಣೆಯ ಮೇಲೆ ಹಾಕಿದೆ. ಆಮೇಲೆ ಕಿಟ್ಟು ಕಳಿಸಿದವನ ಮೇಲೆ, ಹವಾಮಾನದ ಮೇಲೆ, ಕೋಳಿಗಳ ಮೇಲೆ. ಕೊನೆಗೆ ವೀಡಿಯೋದ ಜಪಾನಿಯವನು ಎಲ್ಲೋ ತಪ್ಪು ಕಡೆ ತಲೆದೂಗಿರಬೇಕು ಎಂದೆ. ಮಾಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಬಿಚ್ಚು,” ಎಂದರು. ಪೊಂಗಲ್‌ಗೆ ಇನ್ನು ಒಂಬತ್ತು ದಿನ ಇತ್ತು.

ಎಂಜಿನ್ನು ಮತ್ತೆ ಹಾಲಿನ ಟೆಂಪೋ ಹತ್ತಿ ನಮ್ಮ ಅಡುಗೆಮನೆಗೆ ಬಂತು. ಅಮ್ಮ ಅದನ್ನು ನೋಡಿ, “ತವರುಮನೆಗೆ ಬಂತು,” ಎಂದಳು. ಮಾಮನೂ ಜೊತೆಗೇ ಬಂದು, ಒಂದೊಂದು ಬೋಲ್ಟು ಕಳಚುವಾಗಲೂ ನನ್ನ ಭುಜದ ಮೇಲಿಂದ ಇಣುಕಿದರು. ಎರಡನೆಯ ಸಮೋಸವನ್ನು ಎತ್ತಿ ತಿರುಗಿಸಿದಾಗ ಸಿಕ್ಕಿತು. ಮಿಕ್ಕ ಏಳು ರಿಂಗುಗಳೂ ಗುಂಡಗೆ, ಗಟ್ಟಿಯಾಗಿ ಕೂತಿದ್ದವು. ಒಂದು ದೊಡ್ಡ ರಿಂಗು ಮಾತ್ರ ಬಿಸಿ ಎಣ್ಣೆ ಕುಡಿದು, ಬೆಂದ ಶಾವಿಗೆ ಹಾಗೆ ಊದಿ, ತನ್ನ ತೋಡಿನಿಂದ ಎದ್ದು ಸೊಟ್ಟಗೆ ನೇತಾಡುತ್ತಿತ್ತು.

ಮಾಮ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅದು ಪುಳಕ್ಕನೆ ತುಂಡಾಯಿತು. “ಮೋಸ,” ಎಂದರು. “ಏಳು ಒಳ್ಳೇದು ಕಳಿಸಿ ಒಂದು ಕೆಟ್ಟದ್ದು ಕಳಿಸಿದಾನೆ.” ನನಗೂ ಹಾಗೇ ಅನ್ನಿಸಿತು. ತಪ್ಪು ಸಾವಿರಾರು ಮೈಲಿ ದೂರದ ಒಬ್ಬ ಅಪರಿಚಿತನದು ಎಂದು ಗೊತ್ತಾದಾಗ ಆಗುವ ಸಮಾಧಾನವೇ ಬೇರೆ. ಮಾಮನಿಗೆ ಕಾಫಿ ಕೊಟ್ಟು ಕಳಿಸಿ, ತುಂಡಾದ ರಿಂಗನ್ನು ಕಟ್ಟೆಯ ಮೇಲಿಟ್ಟೆ.

ಸಂಜೆ ಹೆಂಡತಿ ಬಂದು ಡಬ್ಬಿ ತೊಳೆಯಲು ಹೋದಳು. ಕಟ್ಟೆಯ ಮೇಲಿದ್ದ ತುಂಡು ರಿಂಗನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಆ ರಿಂಗನ್ನು ಹಿಡಿದುಕೊಂಡು ನಾನಿದ್ದಲ್ಲಿಗೆ ಬಂದಳು.

“ಏನ್ರೀ, ನನ್ ಡಬ್ಬಿ ರಿಂಗನ್ನ ಏನ್ ಮಾಡಿದ್ರಿ?”

“ಅದು ಡಬ್ಬಿದಲ್ಲ, ಎಂಜಿನ್ನಿಂದು.”

“ನೋಡ್ರಿ ಇಲ್ಲಿ. ಕುಕ್ಕರ್ ರಿಪೇರಿಯವನು ಉದ್ದ ಜಾಸ್ತಿ ಇದೆ ಅಂತ ಕತ್ತರಿಸಿ ಅಂಟಿಸಿಕೊಟ್ಟಿದ್ದ. ಈ ಅಂಟು ನಾನು ದಿನಾ ತೊಳೆದಿದೀನಿ, ನನಗೆ ಗೊತ್ತಾಗಲ್ವಾ?”

ನಿಜ. ರಿಂಗಿನಲ್ಲಿ ಒಂದು ಕಡೆ ಸಣ್ಣ ಅಂಟಿನ ಗಂಟಿತ್ತು.

“ಹಾಗಾದ್ರೆ ನಿನ್ ಡಬ್ಬಿಯಲ್ಲಿರೋದು ಏನು?” ಎಂದೆ.

ಇಬ್ಬರೂ ಅಡುಗೆಮನೆಗೆ ಹೋದೆವು. ಅವಳು ಡಬ್ಬಿಯ ಮುಚ್ಚಳ ತಿರುಗಿಸಿದಳು. ಒಳಗೆ ಕಪ್ಪಗೆ, ನುಣ್ಣಗೆ, ಹೊರದೇಶದ ಠೀವಿಯಲ್ಲಿ ನನ್ನ ಎಂಟನೆಯ ರಿಂಗು ಕೂತಿತ್ತು. ಬೋಳು ತಲೆಯ ಮೇಲೆ ಸಾರು ಬಿದ್ದ ದಿನ ಬೆಳಿಗ್ಗೆ ಕರೆಂಟಿರಲಿಲ್ಲ. ಆಮೇಲೆ ತಿಳಿದ ಹಾಗೆ, ಅಮ್ಮ ಹಿಂದಿನ ಸಂಜೆ ತಾನೇ ಡಬ್ಬಿ ತೊಳೆದು, ಹಳೆಯದರ ಹಾಗೆ ಕಳೆದುಹೋಗಬಾರದೆಂದು ರಿಂಗನ್ನು ಮುಚ್ಚಿಟ್ಟ ತಟ್ಟೆಯೊಳಗೆ ಸೇರಿಸಿದ್ದಳು. ಹೆಂಡತಿ ಕತ್ತಲಲ್ಲಿ ಕಟ್ಟೆ ತಡಕಿ, ಆ ತಟ್ಟೆಯೊಳಗೆ ಕೈ ಹಾಕಿ, ಸಿಕ್ಕಿದ ಒಂದು ರಿಂಗನ್ನು ಮುಚ್ಚಳಕ್ಕೆ ಒತ್ತಿ ರೈಲಿಗೆ ಓಡಿದ್ದಳು. ಒಂಬತ್ತರಲ್ಲಿ ಒಂದು ಹೋದರೆ ಎಂಟು. ನಾನು ಎಣಿಸಿದ್ದೂ ಎಂಟೇ.

“ಅದಕ್ಕೇ ಅವತ್ತು ಮುಚ್ಚಳ ಜಾರ್ತಾ ಇತ್ತು,” ಎಂದಳು. “ವ್ಯಾಸಲೀನ್! ನಾನು ಸಾರು ಉಂಡು, ಇದೇನು ಅತ್ತೆ ತುಪ್ಪ ಹಾಕಿದಾರಾ ಅಂದ್ಕೊಂಡೆ. ಅವತ್ತಿಂದ ಮತ್ತೆ ಸೋರುತ್ತೆ ಅಂತ ಹೆದರಿ ರಿಂಗು ಬಿಚ್ಚೇ ಇಲ್ಲ ನಾನು.”

ಆಮೇಲೆ ಅವಳು ನಗಲು ಶುರುಮಾಡಿದಳು. ಅಮ್ಮ ಬಂದು ಏನೆಂದು ಕೇಳಿ, ತಿಳಿದಮೇಲೆ ಅವಳೂ ಕಟ್ಟೆ ಹಿಡಿದುಕೊಂಡು ನಕ್ಕಳು. “ಊರಿಗಾಮೆಲ್ಲ ಒಗೆ ಆಕ್ದೋನು, ಒಂದು ರಿಂಗು ಕೂರ್ಸೋದಕ್ಕೂ ಒಂದು ಕೈ ಬೇಕು ಕಣ್ಲಾ,” ಎಂದಳು. ನಾನು ತಟ್ಟೆ ತೊಳೆದೆ.

ನಗು ಮುಗಿದಮೇಲೆ ಡಬ್ಬಿಗೆ ಕೈ ಚಾಚಿದೆ. ಹೆಂಡತಿ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು.

“ಕೊಡಲ್ಲ.”

“ಯಾಕೆ?”

“ವ್ಯಾಸಲೀನ್ ತೊಳೆದು ಹೋದಮೇಲೆ ಇದು ಒಂದು ತೊಟ್ಟು ಸೋರಿಲ್ಲ. ಡಬ್ಬಿ ತಲೆಕೆಳಗು ಮಾಡಿದ್ರೂ ಸೋರಲ್ಲ. ಇಂಥ ರಿಂಗು ಈ ಡಬ್ಬಿಗೆ ಹುಟ್ಟಿದಾಗಿಂದ ಇರಲಿಲ್ಲ. ನೀವು ಬೇರೆ ತರಿಸ್ಕೊಳ್ಳಿ.”

“ತರಿಸಿದ್ರೆ ಮೂರು ವಾರ. ಪೊಂಗಲ್‌ಗೆ ಒಂಬತ್ತೇ ದಿನ. ಗುಜರಿಯವನು ಬಂದುಬಿಡ್ತಾನೆ.”

ಅವಳು ಡಬ್ಬಿಯನ್ನು ಎದೆಗಾನಿಸಿಕೊಂಡಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನಾನು ಅವಳನ್ನು ಅಷ್ಟು ದೈನ್ಯದಿಂದ ನೋಡಿದ್ದಿಲ್ಲ. ಕೊನೆಗೆ ಹೇಳಿದಳು:

“ಕೊಡ್ತೀನಿ. ಆದ್ರೆ ಒಳಗೆ ಕೂರಿಸೋವಾಗ ನಾನಿರ್ತೀನಿ, ನಾನು ಹೇಳಿದಂಗೆ ಮಾಡಬೇಕು. ನಾವು ಹೊಟ್ಟೆ ಮುಚ್ಚೋ ಮುಂಚೆ ಬರೀ ಎಣಿಸಲ್ಲ ರೀ. ಯಾವುದು ಏನು ಅಂತ ಹೆಸರು ಹೇಳಿ ಎಣಿಸ್ತೀವಿ. ಎಂಟು ಇದೆ ಅಂದ್ರೆ ಸಾಲದು. ಯಾವ ಎಂಟು?”

ಭಾನುವಾರ ಅವಳಿಗೆ ರಜೆ. ಬೆಳಿಗ್ಗೆ ಹಾಲು ಹಾಕಿ ಬರುವಷ್ಟರಲ್ಲಿ ಅಡುಗೆಮನೆಯ ಗುರುತೇ ಸಿಗದಂತಾಗಿತ್ತು. ನೆಲವನ್ನು ಎರಡು ಸಲ ಒರೆಸಿ, ಒಗೆದ ಹಸಿರು ಬೆಡ್‌ಶೀಟು ಹಾಸಿದ್ದಳು. ಒಂದೊಂದು ಸ್ಪ್ರಿಂಗು, ಒಂದೊಂದು ಸೀಲು ಅದರ ಮೇಲೆ ಸಾಲಾಗಿ ಮಲಗಿದ್ದವು. ಒಲೆ ಕೊಟ್ಟಿಗೆಗೆ ವರ್ಗವಾಗಿತ್ತು. ನನಗೂ ಮಾಮನಿಗೂ ತಲೆಗೆ ಟೋಪಿ, ಮೂತಿಗೆ ಮಾಸ್ಕು. ಮಾಮ ಟೋಪಿ ಹಾಕಿಕೊಳ್ಳಲು ಒಪ್ಪಲಿಲ್ಲ. “ನಾನು ಹೆಲ್ಮೆಟ್ ಹಾಕ್ತೀನಮ್ಮಾ,” ಎಂದರು.

“ತೊಳೆದಿದೀರಾ?” ಎಂದಳು.

ಮಾಮ ಟೋಪಿ ಹಾಕಿಕೊಂಡರು. ಅಮ್ಮನಿಗೆ ಸಗಣಿ ಕೈಯೆಂದು ಹೊಸ್ತಿಲು ದಾಟಲು ಅಪ್ಪಣೆ ಇರಲಿಲ್ಲ. ಅವಳು ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತು ಅವರೆಕಾಯಿ ಸುಲಿಯುತ್ತ, ಹುಳ ಸಿಕ್ಕಿದಾಗಲೆಲ್ಲ ನಮಗೆ ತೋರಿಸುತ್ತಿದ್ದಳು.

ನಾನು ಕೈ ಚಾಚಿದರೆ ಹೆಂಡತಿ ಸಾಮಾನನ್ನು ಅಂಗೈಯಲ್ಲಿಡುವಳು, ಹೆಸರು ಹೇಳುವಳು. ನಾನು ಮತ್ತೆ ಹೆಸರು ಹೇಳಿ ಒಳಗಿಡಬೇಕು. ಮಾಮ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುವರು. ಒಂದು ಸಲ ನಾನು ಹೆಸರು ಹೇಳದೆ ಇಟ್ಟದ್ದಕ್ಕೆ ತೆಗೆಸಿ ಮತ್ತೆ ಇಡಿಸಿದಳು. ಇನ್ನೊಂದು ಸಲ ಮಾಮ ಸೀನಿದರು. ಅರ್ಧ ಗಂಟೆ ಕೆಲಸ ನಿಂತಿತು. ಕೊನೆಗೆ ಎಂಟನೆಯ ರಿಂಗಿನ ಸರದಿ ಬಂತು. ಅದನ್ನು ಅವಳು ನನ್ನ ಕೈಗೆ ಕೊಡಲಿಲ್ಲ. ತಾನೇ ಬಗ್ಗಿ, ವ್ಯಾಸಲೀನ್ ಸವರಿ, ಎರಡು ಬೆರಳ ತುದಿಯಿಂದ ಸುತ್ತಲೂ ಒತ್ತುತ್ತ ಬಂದಳು. ಒಂದು ಸುತ್ತು, ಅಷ್ಟೆ. ರಿಂಗು ತನ್ನ ಮನೆಗೆ ಬಂದ ಹಾಗೆ ಕೂತಿತು. ಮಾಮ ಗೀಟು ಎಳೆಯುವುದನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದರು.

“ಅಮ್ಮಾ,” ಎಂದರು, “ಗಣಿ ಇದ್ದಿದ್ರೆ ನಿನ್ನ ನನ್ ಡಿಪಾರ್ಟ್‌ಮೆಂಟಿಗೆ ಹಾಕಿಸ್ಕೊತಿದ್ದೆ.” ನನಗೆ ಅಂಥ ಮಾತು ಅವರಿಂದ ಇವತ್ತಿನವರೆಗೂ ಬಂದಿಲ್ಲ.

ಪೊಂಗಲ್‌ನ ಹಿಂದಿನ ದಿನ ಕಾರು ಮತ್ತೆ ಹತ್ತಿಕೊಂಡಿತು. ಲೈನಿನ ಜನ ಮುಂಜಾಗ್ರತೆಯಾಗಿ ಒಣಹಾಕಿದ ಬಟ್ಟೆ ಎಳೆದುಕೊಂಡಿದ್ದರು. ಮೊದಲು ಸ್ವಲ್ಪ ಹೊಗೆ ಬಂತು. ಹತ್ತು ನಿಮಿಷದಲ್ಲಿ ಹೊಗೆ ತೆಳ್ಳಗಾಗಿ, ಆಮೇಲೆ ಇಲ್ಲವೇ ಇಲ್ಲ. ಬರೀ ಬ್ರಪ್ ಬ್ರಪ್. ಚರಂಡಿಗೆ ಹೊಗೆ ಕೇಳಿದ್ದ ಹೆಂಗಸಿಗೆ ಮಾತ್ರ ಬೇಸರವಾಯಿತು.

ಮೊದಲ ಸವಾರಿ ಎಲ್ಲಿಗೆ ಎಂದು ಮಾಮ ಪಾಟಿಯನ್ನು ಕೇಳಿದರು. ಪಾಟಿ ಯೋಚಿಸಲೂ ಇಲ್ಲ. “ಬಂಗಾರಪೇಟೆ. ಪಾನಿಪುರಿ,” ಎಂದರು.

ಪಾಟಿಯ ಮಿಷನ್ನನ್ನು ಶೆಡ್ಡಿಗೆ ಸಾಗಿಸಿ, ಪೊಂಗಲ್ ಸಂಜೆ ಹೊರಟೆವು. ನಾನು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ರೇಷ್ಮೆ ಸೀರೆಯ ಪಾಟಿ. ಹಿಂದಿನ ಸೀಟು ಹೆಸರಿಗೆ ಮಾತ್ರ ಸೀಟು. 74 ವರ್ಷದ ಮಾಮನೂ ನನ್ನ ಹೆಂಡತಿಯೂ ಅಲ್ಲಿ ಮಡಿಸಿದ ಕೊಡೆಗಳ ಹಾಗೆ ತುರುಕಿಕೊಂಡಿದ್ದರು. ಸೀಟಿನ ಸಂದಿಯಿಂದ ಆಗಾಗ ಕೋಳಿ ಪುಕ್ಕ ಹಾರುತ್ತಿತ್ತು. ರಸ್ತೆಯಲ್ಲಿ ಬೈಕಿನವರು ಪಕ್ಕಕ್ಕೆ ಬಂದು ಬಂದು ನೋಡಿದರು. ಮಾಮ ಹಿಂದಿನಿಂದ ಮೊಣಕಾಲುಗಳ ಮಧ್ಯೆ ತಲೆ ತೂರಿಸಿ ಕೈಬೀಸಿದರು.

ರೈಲ್ವೆ ಗೇಟು ಹಾಕಿತ್ತು. ನಾನು ಪೆಟ್ರೋಲ್ ಉಳಿಯಲೆಂದು ಎಂಜಿನ್ ಆರಿಸಿದೆ. ಅದೊಂದು ತಪ್ಪು. ಈ ಜಾತಿಯ ಎಂಜಿನ್ನನ್ನು ಬಿಸಿಯಲ್ಲಿ ಆರಿಸಿದರೆ ಮತ್ತೆ ಹತ್ತಲು ಹಟ ಮಾಡುತ್ತದಂತೆ. ಅದನ್ನು ನಾನು ಆಮೇಲೆ ಓದಿದೆ. ರೈಲು ಹೋಯಿತು, ಗೇಟು ಎದ್ದಿತು, ನಮ್ಮ ಕಾರು ಏಳಲಿಲ್ಲ. ಹಿಂದೆ ಬಸ್ಸು, ಲಾರಿ, ಹುಲ್ಲಿನ ಟ್ರ್ಯಾಕ್ಟರು ಎಲ್ಲ ಹಾರನ್ ಹೊಡೆಯತೊಡಗಿದವು.

“ತಿರುಗೋ ಪಂಪು ಗೊತ್ತಿರೋನಿಗೆ...” ಎಂದು ಮಾಮ ಹಿಂದಿನಿಂದ ಶುರುಮಾಡಿದರು.

“ಇಳಿದು ತಳ್ಳಿ,” ಎಂದಳು ಹೆಂಡತಿ. ತಾನು ಸ್ಟೇರಿಂಗಿಗೆ ಬಂದಳು. ನಾನೂ ಮಾಮನೂ ತಳ್ಳಿದೆವು, ಬಸ್ಸಿನಿಂದ ಆರೇಳು ಜನ ಇಳಿದು ತಳ್ಳಿದರು. ಪಾಟಿಯನ್ನು ಇಳಿಯಿರಿ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಮೆರವಣಿಗೆಯ ಹಾಗೆ ಕೂತೇ ಹಳಿ ದಾಟಿದರು. ಆಚೆ ಇಳಿಜಾರಿನಲ್ಲಿ ಕಾರು ದಡಬಡಿಸಿ ಹತ್ತಿಕೊಂಡಿತು. ಹೆಂಡತಿ ನಿಲ್ಲಿಸಲೇ ಇಲ್ಲ. ನಿಲ್ಲಿಸಿದರೆ ಮತ್ತೆ ಆರಿಬಿಡುತ್ತದೆಂಬ ಭಯ ಅವಳಿಗೆ. ಕೆಂಪು ಕಾರು ಪಾಟಿಯನ್ನೂ ಅವಳನ್ನೂ ಕೂರಿಸಿಕೊಂಡು ಬಂಗಾರಪೇಟೆ ಕಡೆಗೆ ಓಡಿಹೋಯಿತು. ನಾನೂ ಮಾಮನೂ ಬಸ್ಸು ಹತ್ತಿದೆವು.

ನಾವು ಪಾನಿಪುರಿ ಗಾಡಿ ಮುಟ್ಟುವ ಹೊತ್ತಿಗೆ ಪಾಟಿ ಮೂರನೆಯ ಪ್ಲೇಟಿನಲ್ಲಿದ್ದರು. ಹೆಂಡತಿ ಕಾರಿನೊಳಗೇ ಕೂತು, ಎಂಜಿನ್ ಆರದಂತೆ ಕಾಲು ಒತ್ತಿಕೊಂಡು, ಕಿಟಕಿಯಿಂದ ಬಾಯಿ ಹೊರಗೆ ಹಾಕಿ ಪಾನಿಪುರಿ ಹಾಕಿಸಿಕೊಳ್ಳುತ್ತಿದ್ದಳು. ಮಾಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಒಳಗೆ ಸುತ್ತುತ್ತಿರುವುದನ್ನು ಕೇಳುತ್ತ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು.

“ತಂಬಿ,” ಎಂದರು ಆಮೇಲೆ, “ನನಗೆ ಖಾರ ಕಮ್ಮಿ ಹಾಕಕ್ಕೆ ಹೇಳು.”